ಅಳಿವೆಯ ಆಳ ಬಲ್ಲ ಸುಬ್ಬಕ್ಕ

ಬೆಳಗಿನ ಐದೂಮುಕ್ಕಾಲು. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆಯ ಮೇಲೆ ಇನ್ನೂ ಮಬ್ಬು ಕವಿದಿದೆ. ಪಾತಿ ಎಂಬ ಸಣ್ಣ ದೋಣಿಯೊಂದರ ಮುಂದಿನ ತುದಿಯಲ್ಲಿ ಹೆಂಗಸೊಬ್ಬರು ನಿಂತಿದ್ದಾರೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಾರೆ, ತಲೆಗೆ ಹಳೆಯ ಟವೆಲು ಸುತ್ತಿದ್ದಾರೆ. ಕೈಯಲ್ಲಿರುವ ಇಪ್ಪತ್ತೆರಡು ಅಡಿಯ ಬಿದಿರಿನ ಗಳವನ್ನು ನೀರಿಗೆ ಇಳಿಸುತ್ತಾರೆ. ತಳ ಮುಟ್ಟಿದ ಕೂಡಲೇ ಅದನ್ನೊಮ್ಮೆ ತಿರುಚಿ ಮೇಲಕ್ಕೆ ಎಳೆಯುತ್ತಾರೆ. ಗಳಕ್ಕೆ ಸುತ್ತಿದ ಬಟ್ಟೆಯ ಗುರುತುಗಳಲ್ಲಿ ಎಷ್ಟು ಒದ್ದೆಯಾಗಿವೆ ಎಂದು ನೋಡಿ, ತುದಿಗೆ ಅಂಟಿದ ಮರಳನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಾರೆ.

"ಎರಡೂವರೆ ಮಾರು. ದಪ್ಪ ಮರಳು," ಎನ್ನುತ್ತಾರೆ.

ಮಾರು ಎಂದರೆ ಚಾಚಿದ ಎರಡು ಕೈಗಳ ಅಳತೆ. ದೋಣಿಯ ಹಿಂಬದಿಯಲ್ಲಿ ಕುಳಿತು ಹುಟ್ಟು ಹಾಕುತ್ತಿರುವ ಅವರ ಗಂಡ ಶಿವ ತಲೆ ಆಡಿಸುತ್ತಾರೆ. ಅವರ ಬಗ್ಗೆ ಬರೆಯಲು ಬಂದು, ನಡುವೆ ಎರಡೂ ಕೈಯಿಂದ ದೋಣಿಯ ಅಂಚು ಹಿಡಿದು ಕುಳಿತ ನನಗೆ ವಿವರಿಸಬೇಕೆಂದು ಹೆಂಡತಿಗೆ ಅನಿಸಿತೇನೋ, ಮಾತು ಮುಂದುವರಿಸಿದರು: "ನಿನ್ನೆ ಇಲ್ಲಿ ಸಣ್ಣ ಮರಳು ಇತ್ತು. ದಪ್ಪ ಮರಳು ಸಿಕ್ತು ಅಂದ್ರೆ ಅಡೀಲಿ ನೀರು ಜೋರು ಓಡ್ತಾ ಅದೆ ಅಂತ. ದಾರಿ ಮುಚ್ಚೂದಿಲ್ಲ. ಒಳ್ಳೇದೇ ಆತು."

ಸುಬ್ಬಿ ಅಂಬಿಗ ಅವರಿಗೆ ಈಗ ಐವತ್ತೇಳು. ಬೋಟುಗಳು ನಿಲ್ಲುವ ಬಂದರಿನ ಧಕ್ಕೆಯಲ್ಲಿ ಎಲ್ಲರಿಗೂ ಸುಬ್ಬಕ್ಕ. ಮೂವತ್ತನಾಲ್ಕು ವರ್ಷಗಳಿಂದ, ಮೀನುಗಾರಿಕೆ ನಡೆಯುವ ಪ್ರತಿ ದಿನ ಬೆಳಕು ಹರಿಯುವ ಹೊತ್ತಿಗೆ ಅಳಿವೆಯ ತಳ ಅಳೆದು ಬರುವುದು ಅವರ ಕೆಲಸ. ಹೊಳೆ ತಂದ ಮರಳು, ಕಡಲು ತಳ್ಳಿದ ಮರಳು ಎರಡೂ ಇಲ್ಲಿ ಸೇರುತ್ತವೆ. ನಿನ್ನೆ ಬೋಟು ಬಂದ ದಾರಿಯಲ್ಲಿ ಇವತ್ತು ದಿಬ್ಬ ಎದ್ದಿರಬಹುದು. ಸುಬ್ಬಕ್ಕ ಅಳೆದು, ಆಳ ಇರುವ ದಾರಿಯ ಎರಡೂ ಮಗ್ಗುಲಿಗೆ ಗಾಳಿಮರದ ಗಳ ನೆಡುತ್ತಾರೆ. ಎಡಕ್ಕೆ ಕೆಂಪು ಬಟ್ಟೆ, ಬಲಕ್ಕೆ ಬಿಳಿ. ತೆರೆ ಹೊಡೆಯುವ ಹೊರಮಗ್ಗುಲಿನಲ್ಲಿ ಗಳ ನಿಲ್ಲುವುದಿಲ್ಲವಾದ್ದರಿಂದ ಅಲ್ಲಿ ಕಲ್ಲು ಕಟ್ಟಿದ ಪ್ಲಾಸ್ಟಿಕ್ ಕ್ಯಾನುಗಳು ತೇಲುತ್ತವೆ. ಒಟ್ಟು ಇಪ್ಪತ್ತಾರು ಗುರುತು. ಸುಮಾರು ನೂರಿಪ್ಪತ್ತು ಬೋಟುಗಳು ಅವನ್ನು ನೋಡಿ ಹೋಗಿ ಬರುತ್ತವೆ. ಮೀನುಗಾರರ ಸಂಘದ ದಾಖಲೆಯಲ್ಲಿ ಅವರ ಹುದ್ದೆಗೆ ಹೆಸರಿಲ್ಲ. "ಇತರೆ" ಎಂಬ ಸಾಲಿನಲ್ಲಿ ಅವರಿದ್ದಾರೆ.

ದೋಣಿ ಸ್ವಲ್ಪ ಮುಂದೆ ಹೋದದ್ದೇ ನೀರು ಕುದಿಯುವಂತೆ ಅಲುಗಾಡತೊಡಗಿತು. ಶಿವ ಹುಟ್ಟನ್ನು ಬಿಗಿಯಾಗಿ ಹಿಡಿದರು.

"ಇವಳು ಜಗಳಗಂಟಿ," ಎಂದರು ಸುಬ್ಬಕ್ಕ, ಬೀದಿಯಲ್ಲಿ ಎದುರಾದ ನೆರೆಯವಳನ್ನು ಪರಿಚಯ ಮಾಡಿಕೊಟ್ಟಂತೆ.

ಹೊಳೆಯ ಸೆಳವೂ ಸಮುದ್ರದ ಉಬ್ಬರವೂ ಡಿಕ್ಕಿ ಹೊಡೆಯುವ ಜಾಗ ಅದು. ಅಳಿವೆಯಲ್ಲಿ ಇಂಥ ಹೆಸರುಗಳು ಬೇಕಾದಷ್ಟಿವೆ. ಎರಡು ದಿಬ್ಬಗಳ ನಡುವಿನ ಇಕ್ಕಟ್ಟಾದ ದಾರಿ, ಎಲ್ಲ ಬೋಟುಗಳೂ ನುಸುಳಬೇಕಾದದ್ದು, ಗಂಟಲು. ಅದನ್ನು ದಾಟಿ ಒಳಗೆ ಬಂದರೆ ನಿಂತ ನೀರಿನಂತೆ ಕಾಣುವ ಆಳವಾದ ಮಡುವಿಗೆ ಹಂದರದ ಗುಂಡಿ ಎನ್ನುತ್ತಾರೆ. ಯಾವುದೋ ಕಾಲದಲ್ಲಿ ದೋಣಿಯಲ್ಲಿ ಹೊರಟ ಮದುವೆಯ ದಿಬ್ಬಣದವರು ಗಾಳಿಗೆ ಹೆದರಿ ಅಲ್ಲೇ ಲಂಗರು ಹಾಕಿ, ದೋಣಿಯ ಮೇಲೇ ಹಂದರ ಕಟ್ಟಿ ಧಾರೆ ಎರೆದರಂತೆ. ಕುಮಟೆ ಕಡೆಯ ಸಾಣಿಕಟ್ಟಾದ ಉಪ್ಪು ದೋಣಿಯಲ್ಲಿ ಬರುತ್ತಿದ್ದಾಗ ಅದು ಒಳಗೆ ತಿರುಗುತ್ತಿದ್ದ ಕೋವೆ, ಎಂದರೆ ಹೊಳೆಯ ಕಿರುಕವಲು, ಉಪ್ಪಿನ ಬಾಗಿಲು. ಉಪ್ಪು ಈಗ ಲಾರಿಯಲ್ಲಿ ಹೋಗುತ್ತದೆ. ಕೋವೆಗೆ ಹೆಸರು ಉಳಿದಿದೆ.

ಉತ್ತರದ ಮಗ್ಗುಲಿಗೆ, ಇಳಿತದಲ್ಲಿ ಮಾತ್ರ ಬೆನ್ನು ತೋರಿಸುವ ಕಪ್ಪು ಬಂಡೆಯೊಂದಿದೆ. ಅದು ಅಜ್ಜಿಕಲ್ಲು. ಕೊಂಕಣಿ ಆಡುವ ಖಾರ್ವಿ ಮೀನುಗಾರರು ಅದನ್ನು ಮ್ಹಾತಾರಿ ಫಾತರ್ ಎಂದೂ ಭಟ್ಕಳದ ಕಡೆಯಿಂದ ಬರುವ ಬೋಟಿನವರು ಕಾಲಾ ಪತ್ಥರ್ ಎಂದೂ ಕರೆಯುತ್ತಾರೆ. ಸುಬ್ಬಕ್ಕನಿಗೆ ಮೂರೂ ಗೊತ್ತು, ಯಾರು ಕೇಳುತ್ತಾರೋ ಅವರ ಹೆಸರಿನಲ್ಲೇ ಹೇಳುತ್ತಾರೆ. "ಹೆದ್ರಿದ ಮನುಷ್ಯಂಗೆ ಅವನ ಭಾಷೆಯಲ್ಲೇ ಹೇಳಬೇಕು. ಇಲ್ಲದಿದ್ರೆ ತಲೆಗೆ ಹೋಗೂದಿಲ್ಲ," ಎನ್ನುತ್ತಾರೆ.

ಸುಬ್ಬಕ್ಕನ ಅಪ್ಪ ಜಟ್ಟ ಇದೇ ಅಳಿವೆಯಲ್ಲಿ ಗಳ ಹಾಕುತ್ತಿದ್ದವರು. ಮೂರನೇ ತರಗತಿಗೆ ಶಾಲೆ ಬಿಟ್ಟ ಮಗಳು ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಬಳಚು ಆರಿಸುತ್ತಿದ್ದಳು. ಬಳಚು ಕಣ್ಣಿಗೆ ಕಾಣುವುದಿಲ್ಲ, ಕೆಸರಿನಲ್ಲಿ ಕಾಲಾಡಿಸಿ ಪಾದಕ್ಕೆ ತಾಗಿದ ಚಿಪ್ಪನ್ನು ಮುಳುಗಿ ತೆಗೆಯಬೇಕು. ಹತ್ತು ಹನ್ನೆರಡು ವರ್ಷ ಹೀಗೆ ನಡೆದು ನಡೆದು ಅಳಿವೆಯ ತಳ ಅವಳ ಕಾಲಿಗೆ ಬಾಯಿಪಾಠವಾಯಿತು. ಗಂಡುಮಕ್ಕಳು ದೊಡ್ಡ ಬೋಟು ಹತ್ತಿ ಹೋದ ಮೇಲೆ ಜಟ್ಟ ಮಗಳನ್ನೇ ದೋಣಿಯ ಮುಂದೆ ನಿಲ್ಲಿಸಿದರು.

"ಅಪ್ಪ ಎಂತದೂ ಹೇಳಿಕೊಡಲಿಲ್ಲ. ಗಳ ಕೊಟ್ಟು, 'ಎಂತ ಸಿಕ್ತು ಹೇಳು' ಅಂತ ಕೇಳೂದು. ತಪ್ಪು ಹೇಳಿದ್ರೆ, 'ಇನ್ನೊಂದು ಸಲ ಹಾಕು.' ಅಷ್ಟೇಯ."

ಅಪ್ಪ ತೀರಿಕೊಂಡ ವರ್ಷ ಧಕ್ಕೆಯಲ್ಲಿ ಗೊಣಗಾಟ ಎದ್ದಿತು. ಹೆಂಗಸಿನ ಮಾತು ನಂಬಿ ಬೋಟು ನಡೆಸುವುದು ಹೇಗೆ ಎಂದು ಬೋಟಿನ ಮುಖ್ಯಸ್ಥರು, ಇಲ್ಲಿಯವರ ಮಾತಿನಲ್ಲಿ ತಾಂಡೇಲರು, ಕೆಲವರು ಬೇರೆಯವರನ್ನು ಕರೆದು ಅಳೆಸಿದರು. ಎರಡು ಋತು ಹೀಗೇ ನಡೆಯಿತು. ಆ ಎರಡೂ ವರ್ಷ ಸುಬ್ಬಕ್ಕ ಯಾರೂ ಹೇಳದೆ, ಯಾರೂ ಕೇಳದೆ ದಿನಾ ಹೋಗಿ ಅಳೆದು ಬರುತ್ತಿದ್ದರು. ಯಾಕೆ ಎಂದು ನಾನು ಕೇಳಿದೆ. ಶಿವ ಹಿಂದಿನಿಂದ ಮೊದಲ ಬಾರಿಗೆ ಬಾಯಿ ಬಿಟ್ಟರು: "ಮನೇಲಿ ಕೂತ್ರೆ ನನ್ನ ಕೂಡೆ ಜಗಳ. ಅದ್ಕೇಯ ನಾನೇ ಹುಟ್ಟು ಹಾಕಿ ಕರ್ಕಂಡು ಬರ್ತಿದ್ದೆ."

ಸುಬ್ಬಕ್ಕ ತಿರುಗಿ ನೋಡಿದರು. ಇಬ್ಬರೂ ನಕ್ಕರು.

ತಾಂಡೇಲರು ನಿಧಾನಕ್ಕೆ ಸುಬ್ಬಕ್ಕನ ಗುರುತುಗಳಿಗೇ ಮರಳಿದರು. ಅದಾಗಿ ಎಷ್ಟೋ ವರ್ಷಗಳಿಗೆ ಬೋಟುಗಳಿಗೆ ಜಿಪಿಎಸ್ ಬಂತು. ಹೋದ ದಾರಿಯನ್ನು ಯಂತ್ರವೇ ಗೀಟೆಳೆದು ತೋರಿಸುತ್ತದೆ. ಅದೇ ಗೀಟಿನ ಮೇಲೆ ಮರಳಿದರಾಯಿತು. ಹೊಸ ಹುಡುಗರಿಗೆ ಹೆಸರುಗಳು ಬೇಡವಾದವು. ಸುಬ್ಬಕ್ಕನ ತಮ್ಮನ ಮಗ, ಮೂವತ್ತೆರಡರ ವಿನೋದ, ಅವರಲ್ಲಿ ಒಬ್ಬ. ಚಿಕ್ಕ ವಯಸ್ಸಿಗೇ ತಾಂಡೇಲನಾದವನು, ಕೆಲಸದಲ್ಲಿ ಚುರುಕು. "ಎಲ್ಲ ಇದ್ರಲ್ಲೇ ಕಾಣ್ತದೆ ಅತ್ತೆ. ನಿಂಗೆ ಇನ್ನು ಆರಾಮು," ಎಂದು ಅವನು ಹೇಳುತ್ತಿದ್ದನಂತೆ. ಸುಬ್ಬಕ್ಕನಿಗೆ ಅದರಿಂದ ಬೇಸರವಾಗಿತ್ತೇ? "ಬೇಸರ ಎಂತಕೆ? ಅಂವ ಹೇಳಿದ್ದೂ ಸುಳ್ಳಲ್ಲ. ಆದ್ರೆ ಯಂತ್ರ ಹೋದ ಸಲ ಎಲ್ಲಿ ನೀರಿತ್ತು ಅಂತ ಹೇಳೂದು. ನಾನು ಇವತ್ತು ಎಲ್ಲಿ ಅದೆ ಅಂತ ಹೇಳೂದು."

ಕಳೆದ ವರ್ಷದ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆಯ ಕತೆಯನ್ನು ನಾನು ಸುಬ್ಬಕ್ಕನಿಂದ ಅರ್ಧ ಕೇಳಿದೆ, ಉಳಿದರ್ಧವನ್ನು ವಿನೋದನಿಂದಲೂ ಸಂಘದ ಗುಮಾಸ್ತ ನಿತ್ಯಾನಂದರಿಂದಲೂ ಕೇಳಿದೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಎರಡು ವಾರವಾಗಿತ್ತು. ವಿನೋದನ ಬೋಟು ಅವನಲ್ಲದೆ ಎಂಟು ಜನರನ್ನು ಹತ್ತಿಸಿಕೊಂಡು ಭಟ್ಕಳದ ಕಡೆಗೆ ಹೋಗಿತ್ತು. ಅವರ ಬೆನ್ನಿಗೇ ಗಾಳಿ ಎದ್ದಿತು. ಮೂರು ದಿನ ಮಳೆ ಎಡೆಬಿಡದೆ ಸುರಿಯಿತು. ಬೋಟು ಒಂದು ದ್ವೀಪದ ಮರೆಯಲ್ಲಿ ಲಂಗರು ಹಾಕಿ ನಿಂತಿತು. ಇತ್ತ ಶರಾವತಿ ಕೆಂಪಾಗಿ, ತುಂಬಿಕೊಂಡು ಇಳಿಯಿತು. ಸುಬ್ಬಕ್ಕನ ಇಪ್ಪತ್ತಾರು ಗುರುತುಗಳಲ್ಲಿ ಒಂದೂ ಉಳಿಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ತೆರೆ ಸ್ವಲ್ಪ ತಗ್ಗಿತು. ಗಂಡ ಹೆಂಡತಿ ದೋಣಿ ಇಳಿಸಿದರು. ಗಂಟಲಿಗೆ ಬಂದು ಗಳ ಇಳಿಸಿದರೆ ಸೊಂಟದಷ್ಟೇ ನೀರು. ಸುಬ್ಬಕ್ಕ ನಂಬದೆ ಮತ್ತೆ ಮತ್ತೆ ಹಾಕಿದರು. ಮೂರು ದಿನದಲ್ಲಿ ಅಲ್ಲಿ ಮರಳಿನ ದಿಬ್ಬವೇ ಅಡ್ಡ ಬಿದ್ದಿತ್ತು. ಹೊಳೆಯ ನೀರು ಎಲ್ಲಿಂದಲೋ ಹೊರಗೆ ಹೋಗಲೇಬೇಕಲ್ಲ ಎಂದು ಹುಡುಕುತ್ತ ಹೋದರು. ಎರಡು ತಾಸು ಅಳೆದ ಮೇಲೆ ಸಿಕ್ಕಿತು. ಅಜ್ಜಿಕಲ್ಲಿನ ಪಕ್ಕಕ್ಕೇ ಮೂರು ಮಾರು ಆಳ! ಎರಡು ಬೋಟು ನುಸುಳುವಷ್ಟು ಅಗಲ. ಅಪ್ಪನ ಕಾಲದಿಂದಲೂ ಎಲ್ಲರೂ ಹೆದರಿ ದೂರದಿಂದಲೇ ಬಳಸಿ ಹೋಗುತ್ತಿದ್ದ ಕಲ್ಲು ಅದು.

ಅವರು ದಡ ಸೇರುವಷ್ಟರಲ್ಲಿ ಮಳೆ ಮತ್ತೆ ಸುರಿಯತೊಡಗಿತು. ಧಕ್ಕೆಯಿಂದ ನೋಡಿದರೆ ಹೊಳೆಯ ಆಚೆಯ ದಂಡೆಯೂ ಕಾಣದಂಥ ಮಳೆ. ಒಂಬತ್ತೂಕಾಲಿಗೆ ಸಂಘದ ಕೋಣೆಯ ವಯರ್‌ಲೆಸ್ ಕರಕರ ಎಂದಿತು. ವಿನೋದನ ದನಿ.

"ಅಳಿವೆ ಹೊರಗೆ ಇದ್ದೇವೆ. ಡೀಸೆಲ್ ಮುಗೀತಾ ಬಂತು. ಹಿಂದೆ ಹೋಗೂಕೆ ಆಗೂದಿಲ್ಲ. ಒಳಗೆ ಬತ್ತಾ ಇದ್ದೇವೆ."

ನಿತ್ಯಾನಂದ ಕೊಡೆಯನ್ನೂ ಹಿಡಿಯದೆ ಓಡಿಹೋಗಿ ಸುಬ್ಬಕ್ಕನನ್ನು ಕರೆತಂದರು. ವಿನೋದನ ಹೆಂಡತಿ ದೀಕ್ಷಾ ಅದಾಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಮೂರು ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ.

"ವಿನೋದಾ, ಆ ಗೀಟು ಬಿಡು," ಎಂದರು ಸುಬ್ಬಕ್ಕ. "ಗಂಟಲು ಮುಚ್ಚಿ ಹೋಗಿದೆ. ಅಜ್ಜಿಕಲ್ಲಿನ ಬಲಕ್ಕೆ ದಾರಿ ಅದೆ. ಕಲ್ಲು ಎಡಕ್ಕೆ ಬಿಟ್ಟು ಬಾ."

"ಎಂತ ಹೇಳ್ತೆ ಅತ್ತೆ? ಕಲ್ಲಿನ ಹತ್ರ ಹೋಗೂದಾ?"

"ಹೌದು. ಬೆಳಿಗ್ಗೆ ನಾನೇ ಗಳ ಹಾಕಿ ಬಂದದ್ದು."

"ಇಲ್ಲಿ ಎಂತದೂ ಕಾಣೂದಿಲ್ಲ. ಕಲ್ಲು ಎಲ್ಲದೆ ಅಂತ್ಲೇ ಗೊತ್ತಾಗೂದಿಲ್ಲ."

ಯಂತ್ರದ ಪರದೆಯಲ್ಲಿ ಕಲ್ಲಿದ್ದದ್ದು ಒಂದು ಚುಕ್ಕೆಯಾಗಿ. ಆ ಚುಕ್ಕೆ ನಾಲ್ಕಾರು ಮಾರು ಆಚೀಚೆಯಾದರೂ ಬೋಟು ಉಳಿಯುವುದಿಲ್ಲ ಎಂದು ವಿನೋದನಿಗೆ ತಿಳಿದಿತ್ತು. ಗೀಟು ಮಾತ್ರ ಕಣ್ಣೆದುರು ನೇರವಾಗಿ, ಸ್ಪಷ್ಟವಾಗಿ ಇತ್ತು. "ಸತ್ಯ ಹೇಳ್ತೆ, ಆಗ ನನ್ನ ಕೈ ಗೀಟಿನ ಕಡೆಗೇ ತಿರುಗ್ತಾ ಇತ್ತು," ಎಂದು ವಿನೋದ ನನ್ನೊಡನೆ ಒಪ್ಪಿಕೊಂಡ.

ಸುಬ್ಬಕ್ಕ ಕೇಳಿದರು: "ಬೋಟಲ್ಲಿ ಯಾರ್ ಯಾರು ಇದ್ದೀರಿ?"

ವಿನೋದ ಹೆಸರು ಹೇಳುತ್ತ ಹೋದ. ಕೊನೆಯದು ಬೋಟಿನಲ್ಲಿ ಅಡುಗೆ ಮಾಡುವ ಬೊಮ್ಮ. ವಯಸ್ಸು ಅರವತ್ತಾರು.

"ಬೊಮ್ಮಣ್ಣಂಗೆ ಕೊಡು."

ಬೊಮ್ಮ ಮಾತಿಗೆ ಬಂದ ಮೇಲೆ ಕೋಣೆಯಲ್ಲಿದ್ದವರಿಗೆ ಅರ್ಧ ಅರ್ಥವಾಗಲಿಲ್ಲ ಎನ್ನುತ್ತಾರೆ ನಿತ್ಯಾನಂದ. ಇಬ್ಬರೂ ತಮ್ಮ ಕೇರಿಯ ದಾರಿ ಹೇಳಿಕೊಂಡಂತೆ ಮಾತಾಡಿದರು.

"ಬೊಮ್ಮಣ್ಣ, ಅಜ್ಜಿ ಗೊರಕೆ ಕೇಳ್ತದಾ?"

"ಎಂಜಿನ್ ಗಲಾಟೆಗೆ ಎಂತ ಕೇಳ್ತದೆ?"

"ಸಣ್ಣ ಮಾಡ್ಸು. ಕೇಳು."

ಅಜ್ಜಿಕಲ್ಲಿನ ಹೊಟ್ಟೆಯಲ್ಲಿ ಒಂದು ಪೊಟರೆ ಇದೆ. ದೊಡ್ಡ ತೆರೆ ಅದರೊಳಗೆ ನುಗ್ಗಿ ಹೊರಬೀಳುವಾಗ ಗೊರಕೆ ಹೊಡೆದಂಥ ಸದ್ದಾಗುತ್ತದೆ. ಹಳಬರು ಮಂಜಿನಲ್ಲಿ ಆ ಸದ್ದು ಹಿಡಿದೇ ಬರುತ್ತಿದ್ದರು. ಎಂಜಿನ್ ಸಣ್ಣದು ಮಾಡಿದರೆ ಬೋಟು ತೆರೆಗೆ ಅಡ್ಡ ಬೀಳುವ ಭಯ. ವಿನೋದ ಹಿಂದುಮುಂದು ನೋಡಿ, ಕೊನೆಗೆ ಸಣ್ಣ ಮಾಡಿದ. ಬೊಮ್ಮ ಮಳೆಯಲ್ಲಿ ಮುಂದಿನ ತುದಿಗೆ ಹೋಗಿ ಕಿವಿಗೆ ಕೈ ಅಡ್ಡ ಹಿಡಿದು ನಿಂತರು. ಉಳಿದ ಎಂಟು ಜನ ಅವರ ಬೆನ್ನು ನೋಡುತ್ತಿದ್ದರು.

"ಕೇಳ್ತು," ಎಂದರು ವಯರ್‌ಲೆಸ್ಸಿಗೆ ಮರಳಿದ ಬೊಮ್ಮ. "ಎಡಗೈ ಬದಿ."

"ಆತು. ಅಲ್ಲೇ ಮೂರು ದೊಡ್ಡ ತೆರೆ ಹೋಗ್ಲಿ. ಮೂರನೇದರ ಬೆನ್ನಿಗೆ ಬನ್ನಿ. ಗೊರಕೆ ಎಡ ಕಿವಿಗೇ ಇರಬೇಕು. ಅದು ಹಿಂದೆ ಬಿತ್ತು, ನೀರು ಕೆಂಪಾತು ಅಂದ್ರೆ ಬಲಕ್ಕೆ ತಿರುಗಿ. ಹಂದರದ ಗುಂಡಿ ಸಿಕ್ತದೆ."

"ಆತು ಸುಬ್ಬಿ."

ಆಮೇಲೆ ವಯರ್‌ಲೆಸ್ ಸುಮ್ಮನಾಯಿತು. ಹನ್ನೊಂದು ನಿಮಿಷ ಎಂದು ಗೋಡೆಯ ಗಡಿಯಾರ ನೋಡಿ ಲೆಕ್ಕ ಇಟ್ಟವರು ನಿತ್ಯಾನಂದ. ದೀಕ್ಷಾ ಸುಬ್ಬಕ್ಕನ ಒದ್ದೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಆ ಹೊತ್ತಿನಲ್ಲಿ ಮನಸ್ಸಿಗೆ ಏನು ಬಂತು ಎಂದು ನಾನು ಕೇಳಿದಾಗ ಸುಬ್ಬಕ್ಕ ಗಳವನ್ನು ದೋಣಿಯಲ್ಲಿ ಅಡ್ಡ ಇಟ್ಟು ಕುಳಿತರು.

"ಮೂರು ಮಾರು ಅಂತ ನಾನು ಹೇಳಿದ್ದು ಹೌದಾ, ಅಲ್ಲ ಎರಡಾ ಅಂತ. ನಾನೇ ಅಳೆದದ್ದು, ಆದ್ರೂ ಅನುಮಾನ ಬಂತು. ಗಳ ಮನೆ ಹತ್ರ ಇತ್ತು. ಹೋಗಿ ಗುರುತು ನೋಡಿ ಬರೂವ ಅಂತ ಕಾಲು ಎದ್ದಿತು. ದೀಕ್ಷಾ ಸೆರಗು ಬಿಡಲಿಲ್ಲ."

ಮೊದಲು ಎಂಜಿನ್ನಿನ ಡುಗುಡುಗು ಕೇಳಿತು. ಆಮೇಲೆ ಮಳೆಯ ಪರದೆಯಿಂದ ಬೋಟಿನ ಹಸಿರು ಮೂತಿ ಹೊರಬಂತು. ಒಂಬತ್ತೂ ಜನ ಬೋಟಿನ ಮೇಲೆ ನಿಂತಿದ್ದರು. ದೀಕ್ಷಾ ಅಲ್ಲೇ ನಿಂತು ಗಟ್ಟಿಯಾಗಿ ಅತ್ತಳು, ಮರುಗಳಿಗೆಗೆ ಅದೇ ಬಾಯಲ್ಲಿ ನಕ್ಕಳು. ಧಕ್ಕೆಗೆ ಮೊದಲು ಇಳಿದ ಬೊಮ್ಮ ಯಾರ ಕಡೆಗೂ ನೋಡದೆ ಕೇಳಿದ್ದು ಒಂದೇ: "ಸುಬ್ಬಿ, ಚಾ ಅದೆಯಾ?"

ಸುಬ್ಬಕ್ಕ ಚಾ ಮಾಡಲು ಹೋದರು. ಒಲೆಯ ಮುಂದೆ ಕುಳಿತವರು ಬೆಂಕಿ ಹಚ್ಚುವುದನ್ನೇ ಮರೆತರಂತೆ. ಕೊನೆಗೆ ಚಾ ಮಾಡಿದವರು ಶಿವ.

ಮರುದಿನ ಬೆಳಿಗ್ಗೆ ದೋಣಿ ಇಳಿಸುವ ಹೊತ್ತಿಗೆ ವಿನೋದ ದಂಡೆಯಲ್ಲಿ ನಿಂತಿದ್ದ. "ಅತ್ತೆ, ನಾನೂ ಬರ್ಲಾ?" ಎಂದು ಕೇಳಿದ. ಗಳ ಕೊಟ್ಟು, "ಎಂತ ಸಿಕ್ತು ಹೇಳು," ಎಂದರು ಸುಬ್ಬಕ್ಕ. ಈಗ ಸಮುದ್ರಕ್ಕೆ ಹೋಗದ ದಿನಗಳಲ್ಲಿ ವಿನೋದನ ಜೊತೆಗೆ ಇನ್ನೂ ನಾಲ್ಕು ತಾಂಡೇಲರು ಸರದಿಯಂತೆ ದೋಣಿ ಹತ್ತುತ್ತಾರೆ. ಜಿಪಿಎಸ್ಸನ್ನು ಯಾರೂ ಕಿತ್ತು ಹಾಕಿಲ್ಲ. ಸುಬ್ಬಕ್ಕ ಅಳೆದು ಬಂದ ಮೇಲೆ ಆ ದಿನದ ದಾರಿಯನ್ನು ಅದರಲ್ಲಿ ತಿದ್ದಿಕೊಳ್ಳುತ್ತಾರೆ. ಈ ವರ್ಷದ ಮಳೆಗಾಲ ಒಂದು ಬೋಟಿಗೂ ಗೀರು ತಾಗದೆ ಕಳೆದಿದೆ.

ಕಳೆದ ವರ್ಷದ ಚಳಿಗಾಲದಲ್ಲಿ ಅಳಿವೆಯ ಸಮೀಕ್ಷೆಗೆ ತಂಡವೊಂದು ಬಂತು. ಅದರಲ್ಲಿದ್ದ ಧನ್ಯಾ ಎಂಬ ಇಂಜಿನಿಯರ್, ವಯಸ್ಸು ಇಪ್ಪತ್ತೊಂಬತ್ತು, ನೀರಿಗೆ ಸದ್ದು ಬಿಟ್ಟು ಆಳ ಅಳೆಯುವ ಯಂತ್ರದೊಂದಿಗೆ ಬಂದಿದ್ದರು. ದಿಬ್ಬಗಳಿಗೆ, ಮಡುಗಳಿಗೆ ಒಂದು, ಎರಡು, ಮೂರು ಎಂದು ಅಂಕೆ ಕೊಟ್ಟು ನಕ್ಷೆ ಮಾಡುವುದು ಅವರ ಕ್ರಮ. ಧಕ್ಕೆಯಲ್ಲಿ ಯಾರೋ ಆಗಸ್ಟಿನ ಕತೆ ಹೇಳಿದರು. ಧನ್ಯಾ ಮರುದಿನದಿಂದ ಎಂಟು ಬೆಳಿಗ್ಗೆ ಸುಬ್ಬಕ್ಕನ ದೋಣಿಯಲ್ಲಿ ಕುಳಿತರು.

"ನಮ್ಮ ಅಳತೆಗೂ ಅವರ ಗಳದ ಅಳತೆಗೂ ಹೆಚ್ಚೆಂದರೆ ಅರ್ಧ ಅಡಿ ವ್ಯತ್ಯಾಸ ಬಂತು," ಎಂದು ಧನ್ಯಾ ಫೋನಿನಲ್ಲಿ ಹೇಳಿದರು. "ಎರಡು ಕಡೆ ಪೂರ್ತಿ ಬೇರೆ ಬಂತು. ಮತ್ತೆ ಅಳೆದು ನೋಡಿದರೆ ತಪ್ಪು ನಮ್ಮದೇ."

ಎಂಟು ದಿನದಲ್ಲಿ ನಲವತ್ತೊಂದು ಹೆಸರುಗಳಾದವು. ಒಂದೇ ಜಾಗಕ್ಕೆ ಕನ್ನಡದಲ್ಲೊಂದು, ಕೊಂಕಣಿಯಲ್ಲೊಂದು, ಭಟ್ಕಳದವರದು ಇನ್ನೊಂದು ಇದ್ದರೆ ಎಲ್ಲವನ್ನೂ ಬರೆಯಬೇಕೆಂದು ಸುಬ್ಬಕ್ಕ ಹಠ ಹಿಡಿದರು. ಕೊನೆಯ ದಿನ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿದರು. ಹದಿನೇಳನೆಯ ಹೆಸರಿಗೆ ಕೈ ಎತ್ತಿದರು.

"ಎಂತ ಓದಿದ್ರಿ?"

"ಹಂದಿಯ ಗುಂಡಿ."

"ಹಂದಿ ಎಲ್ಲಿಂದ ಬಂತು ಮಾರಾಯ್ತಿ? ಹಂದರ! ಮದುವೆ ಆದ ಜಾಗ ಅದು!"

ಮೂರು ತಿಂಗಳ ಮೇಲೆ ನಕ್ಷೆ ಅಚ್ಚಾಗಿ ಬಂತು. ಸಂಘದ ಕೋಣೆಯ ಗೋಡೆಯ ಮೇಲೆ ಈಗ ಅದು ನೇತಾಡುತ್ತಿದೆ. ಎಲ್ಲ ಬೋಟುಗಳಿಗೂ ಒಂದೊಂದು ಪ್ರತಿ ಕೊಟ್ಟಿದ್ದಾರೆ. ಸುಬ್ಬಕ್ಕ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಗೋಡೆಯ ಹತ್ತಿರ ನಿಂತು ಬೆರಳಿಟ್ಟು, "ಗಂ... ಟ... ಲು," ಎಂದು ನನಗೆ ಓದಿ ತೋರಿಸಿದರು. ಸಮುದ್ರದಿಂದ ಹಿಡಿದು ಒಳಗಿನ ಕೋವೆಗಳವರೆಗೆ ನೀಲಿಯ ಮೇಲೆಲ್ಲ ಸಣ್ಣ ಅಕ್ಷರಗಳು. "ಅಪ್ಪ ನೋಡಿದ್ರೆ ಎಂತ ಹೇಳ್ತಿದ್ದ ಅಂತ ಒಂದೊಂದ್ಸಲ ಅನ್ನಿಸ್ತದೆ. ಎಂತದೂ ಹೇಳ್ತಿರಲಿಲ್ಲ. ಇನ್ನೊಂದು ಸಲ ಓದು ಅಂತಿದ್ದ ಅಷ್ಟೇಯ."

ಮೊಣಕಾಲು ಈಗ ಸಹಕರಿಸುವುದಿಲ್ಲ. ಗಳ ಎತ್ತಿ ಎತ್ತಿ ಬಲ ಭುಜ ಜಗ್ಗಿದೆ. ಎಷ್ಟು ವರ್ಷ ಮಾಡುತ್ತೀರಿ ಎಂದರೆ, ಹುಡುಗರು ಮರಳಿನ ದಪ್ಪ ಸಣ್ಣ ತಿಳಿಯುವವರೆಗೆ ಎನ್ನುತ್ತಾರೆ. ವಿನೋದನಿಗೆ ತಿಳಿಯುತ್ತದೆಯೇ? "ಅರ್ಧ ತಿಳೀತದೆ. ಕಾಲಿಗೆ ಕೆಸರು ಅಂಟಬೇಕಲ, ಅಂವ ಚಪ್ಪಲಿ ಬಿಡೂದಿಲ್ಲ."

ನಕ್ಷೆಯಲ್ಲಿ ಒಂದು ಜಾಗಕ್ಕೆ ಮಾತ್ರ ಹೆಸರಿಲ್ಲ. ಕಳೆದ ವರ್ಷದ ಆಗಸ್ಟಿನಲ್ಲಿ ಗಂಟಲಿಗೆ ಅಡ್ಡ ಬಿದ್ದ ಹೊಸ ದಿಬ್ಬ ಅದು, ಇನ್ನೂ ಅಲ್ಲೇ ಇದೆ. ಧಕ್ಕೆಯವರು ತಾವಾಗಿಯೇ ಸುಬ್ಬಕ್ಕನ ದಿಬ್ಬ ಎನ್ನಲು ಶುರು ಮಾಡಿದ್ದಾರೆ. ಮುಂದಿನ ಸಲದ ನಕ್ಷೆಯಲ್ಲಿ ಹಾಗೇ ಬರೆಯಬಹುದೇ ಎಂದು ಧನ್ಯಾ ಕೂಡ ಕೇಳಿದ್ದಾರಂತೆ. ನೀವೇನು ಹೇಳಿದಿರಿ ಎಂದು ನಾನು ಕೇಳಿದೆ. ಸುಬ್ಬಕ್ಕ ಕೈ ಒರೆಸಿಕೊಂಡರು. ಮುಖದಲ್ಲಿ ನಾಚಿಕೆ ಇತ್ತು, ಆದರೆ ಮಾತು ಗಟ್ಟಿಯಾಗಿಯೇ ಬಂತು.

"ಬೋಟು ಒಡೆಯೂ ಜಾಗಕ್ಕೆ ನನ್ನ ಹೆಸರು ಎಂತಕೆ? ಇಡೂದಾದ್ರೆ ಆಚೆ ಮಗ್ಗುಲಿಗೆ ಇಡಿ, ನೀರು ಇದ್ದ ಕಡೆಗೆ. ಜನ ದಾಟಿ ಮನೆಗೆ ಬತ್ತಾರಲ್ಲ, ಅಲ್ಲಿ."